ಇಂಜಿನ್ ಬ್ಲಾಕಿನೊಳಗೆ ಟ್ಯಾಪ್ ಮುರಿದಾಗ

ಡ್ರಿಲ್ ಹಾಕಬೇಡಿ. ಇದನ್ನು ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಟ್ಟುಕೊಂಡರೂ ಸಾಕು. ನಾನು ಹಾಕಿದೆ. ಅದರಿಂದ ಪಟ್ಟ ಪಾಡನ್ನೂ, ನಾಲ್ಕು ದಿನದ ಅಲೆದಾಟದಲ್ಲಿ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮದು ಕೆ.ಆರ್. ಪುರಂ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆಗೆ ಹೋಗುವಾಗ ಸಿಗುವ ಊರು. ಎರಡು ಎಕರೆ ಜಮೀನು. ಟೊಮೆಟೊ, ಹುರುಳಿಕಾಯಿ ಬೆಳೆಯುತ್ತೇನೆ. ಬೋರಿನಲ್ಲಿ ನೀರು ಕಮ್ಮಿ. ಕರೆಂಟ್ ಇದ್ದಾಗ ಬಂದಷ್ಟನ್ನು ಕೃಷಿ ಹೊಂಡಕ್ಕೆ ಬಿಟ್ಟುಕೊಳ್ಳುವುದು, ಅಲ್ಲಿಂದ 5 ಎಚ್.ಪಿ. ಡೀಸೆಲ್ ಇಂಜಿನ್ನಿನಲ್ಲಿ ಎತ್ತಿ ಗಿಡಕ್ಕೆ ಕೊಡುವುದು. ಇಂಜಿನ್ ನಿಂತರೆ ಬೇಸಾಯ ನಿಂತ ಹಾಗೆ.

ಮೊನ್ನೆ ಬೇಸಿಗೆಯಲ್ಲಿ ಇಂಜಿನ್ನಿನ ನೀರಿನಲ್ಲಿ ಗುಳ್ಳೆ ಏಳಲು ಶುರುವಾಯಿತು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಗೊತ್ತಾಯಿತು. ಗ್ಯಾಸ್ಕೆಟ್ ಬದಲಿಸುವುದು ನನಗೆ ಹೊಸದಲ್ಲ. ಹೆಡ್ ಬಿಚ್ಚುವಾಗ ತುಕ್ಕು ಹಿಡಿದ ಒಂದು ಸ್ಟಡ್ ಬ್ಲಾಕಿನ ಮಟ್ಟಕ್ಕೇ ಕತ್ತರಿಸಿಕೊಂಡಿತು. 12 ಮಿ.ಮೀ. ಸ್ಟಡ್. ಪರವಾಗಿಲ್ಲ, ನಡುವೆ ತೂತು ಕೊರೆದು ಟ್ಯಾಪ್ ಹಾಕಿದರೆ ಉಳಿದ ಸಿಪ್ಪೆಯೆಲ್ಲ ಬಂದುಬಿಡುತ್ತದೆ ಅಂದುಕೊಂಡೆ. ಮನೆಯಲ್ಲಿದ್ದ 3/8 ಇಂಚಿನ ಬಿಟ್ಟಿನಲ್ಲಿ ಕೊರೆದೆ. ಟ್ಯಾಪ್ ಇಟ್ಟು ಹ್ಯಾಂಡಲ್ ತಿರುಗಿಸಿದೆ. ನಾಲ್ಕು ಸುತ್ತು ಸಲೀಸು. ಐದನೆಯದಕ್ಕೆ ಸ್ವಲ್ಪ ಬಿಗಿ. ಆರನೆಯದಕ್ಕೆ 'ಟಕ್' ಎಂದಿತು. ಹ್ಯಾಂಡಲ್ ಕೈಗೆ ಬಂತು, ಟ್ಯಾಪಿನ ಅರ್ಧ ಒಳಗೇ ಉಳಿಯಿತು.

ಟ್ಯಾಪ್ ಯಾಕೆ ಮುರಿಯುತ್ತದೆ

ಟ್ಯಾಪ್ ಎಂದರೆ ತೂತಿನ ಗೋಡೆಯಲ್ಲಿ ಥ್ರೆಡ್ ಕೊರೆಯುವ ಸಲಕರಣೆ. ಥ್ರೆಡ್ಡಿಗೆ ಶಿವಾಜಿನಗರದ ಉರ್ದು ಮಾತಿನ ಮೇಸ್ತ್ರಿಗಳು ಚೂಡಿ ಎನ್ನುತ್ತಾರೆ, ಹಲಸೂರಿನ ತಮಿಳು ಮಾತಿನವರು ಮರೈ ಎನ್ನುತ್ತಾರೆ. ಅಂಗಡಿಗೆ ಹೋಗುವಾಗ ಮೂರೂ ಗೊತ್ತಿದ್ದರೆ ಒಳ್ಳೆಯದು. ಟ್ಯಾಪಿನ ಉದ್ದಕ್ಕೂ ಮೂರೋ ನಾಲ್ಕೋ ಕಾಲುವೆ ತೆಗೆದಿರುತ್ತಾರೆ. ಕೊರೆದ ಚೂರು ಆ ಕಾಲುವೆಯಲ್ಲಿ ಸೇರಿಕೊಳ್ಳಬೇಕು. ಸೆಟ್ಟಿನಲ್ಲಿ ಮೂರು ಟ್ಯಾಪ್ ಇರುತ್ತವೆ. ಮೊದಲನೆಯದರ ಮೂತಿ ಚೂಪು, ಎರಡನೆಯದು ಮಧ್ಯಮ, ಮೂರನೆಯದು ತಳದವರೆಗೂ ಕೊರೆಯುವಂಥದ್ದು. ನಾನು ಮೂರರಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿದ್ದೆ.

ಟ್ಯಾಪನ್ನು ಬಹಳ ಗಡಸು ಮಾಡಿರುತ್ತಾರೆ. ಗಡಸಾದದ್ದು ಬಾಗುವುದಿಲ್ಲ, ಗಾಜಿನ ಹಾಗೆ ಮುರಿಯುತ್ತದೆ. ಹ್ಯಾಂಡಲನ್ನು ಒಂದೇ ಕೈಯಲ್ಲಿ ಎಳೆದರೆ, ಟ್ಯಾಪ್ ಓರೆಯಾಗಿ ಕೂತರೆ, ಕಾಲುವೆಯಲ್ಲಿ ಪುಡಿ ತುಂಬಿಕೊಂಡರೆ, ತಳ ಮುಚ್ಚಿದ ತೂತಿನಲ್ಲಿ ತಳ ತಾಗಿದ ಮೇಲೂ ತಿರುಗಿಸಿದರೆ ಮುರಿಯಿತು ಅಂತಲೇ ಲೆಕ್ಕ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಹೀಗೆ ಹೋಗಬೇಕು. ಹಿಂದೆ ತಿರುಗಿಸಿದಾಗ ಚೂರು ತುಂಡಾಗಿ ಕೆಳಗೆ ಬೀಳುತ್ತದೆ.

ಇವೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ತೂತಿನ ಅಳತೆ. ಲೆಕ್ಕ ಸುಲಭ. ಸ್ಟಡ್ಡಿನ ದಪ್ಪದಿಂದ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕಿರುವ ದೂರ, ಅಂದರೆ ಪಿಚ್, ಅದನ್ನು ಕಳೆಯಿರಿ. ಉಳಿದದ್ದು ತೂತಿನ ಅಳತೆ. ಸಾಮಾನ್ಯ 12 ಮಿ.ಮೀ. ಸ್ಟಡ್ಡಿನ ಪಿಚ್ 1.75. ಹಾಗಾಗಿ 10.2 ಮಿ.ಮೀ. ಬಿಟ್ ಬೇಕು. 10 ಮಿ.ಮೀ. ಸ್ಟಡ್ಡಿಗೆ ಪಿಚ್ 1.5, ಬಿಟ್ 8.5. 8 ಮಿ.ಮೀ.ಗೆ ಪಿಚ್ 1.25, ಬಿಟ್ 6.8. ನಾನು ಹಾಕಿದ 3/8 ಇಂಚು ಎಂದರೆ ಬರೀ 9.5 ಮಿ.ಮೀ. ಮುಕ್ಕಾಲು ಮಿಲ್ಲಿಮೀಟರಿನಷ್ಟು ಹೆಚ್ಚುವರಿ ಲೋಹವನ್ನು ಟ್ಯಾಪೇ ಕೆರೆಯಬೇಕಾಯಿತು. ಅದೂ ತುಕ್ಕು ಹಿಡಿದ ಸ್ಟಡ್ಡಿನ ಲೋಹ. ಟ್ಯಾಪಿನದು ಏನೂ ತಪ್ಪಿಲ್ಲ. (ತುಂಬಾ ಹಳೆಯ ಇಂಜಿನ್ ಆದರೆ ಥ್ರೆಡ್ ಇಂಚಿನ ಲೆಕ್ಕದ್ದಿರಬಹುದು. ಪಿಚ್ ಗೇಜ್ ಇಟ್ಟು ನೋಡದೆ ಟ್ಯಾಪ್ ಕೊಳ್ಳಬೇಡಿ.)

ನಾನು ಮಾಡಿದ ಎರಡನೆಯ ತಪ್ಪು

ಮುರಿದ ಸ್ಟಡ್ಡಿಗೆ ಡ್ರಿಲ್ ಹಾಕಿದವನು ಮುರಿದ ಟ್ಯಾಪಿಗೂ ಹಾಕಿದೆ. ಸ್ಟಡ್ ಮೆತ್ತಗಿನ ಉಕ್ಕು, ಡ್ರಿಲ್ ಬಿಟ್ ಅದನ್ನು ಕೊರೆಯುತ್ತದೆ. ಆದರೆ ಡ್ರಿಲ್ ಬಿಟ್ ಯಾವ ಉಕ್ಕಿನದೋ ಟ್ಯಾಪೂ ಹೆಚ್ಚುಕಡಿಮೆ ಅದೇ ಉಕ್ಕಿನದು. ಕುಡುಗೋಲಿನಿಂದ ಕುಡುಗೋಲನ್ನೇ ಕುಯ್ಯಲು ಹೋದಂತೆ. ಬಿಟ್ ಕೂಗಿತು, ಮೂತಿ ನೀಲಿಯಾಯಿತು, ಟ್ಯಾಪಿನ ಮೇಲೆ ಒಂದು ಗೀರೂ ಬೀಳಲಿಲ್ಲ. ಇನ್ನಷ್ಟು ಒತ್ತಿದೆ. ಬಿಟ್ ಪಕ್ಕಕ್ಕೆ ಜಾರಿ ಬ್ಲಾಕಿನ ಬೀಡು ಕಬ್ಬಿಣಕ್ಕೆ ಕಚ್ಚಿತು. ಬೀಡು ಮೆತ್ತಗೆ, ಟ್ಯಾಪ್ ಗಟ್ಟಿ. ಡ್ರಿಲ್ ಯಾವಾಗಲೂ ಮೆತ್ತಗಿರುವ ಕಡೆಗೇ ಓಡುತ್ತದೆ. ತೂತಿನ ಬಾಯಿ ಒಂದು ಕಡೆ ಅರ್ಧಚಂದ್ರದ ಹಾಗೆ ತಿಂದುಹೋಯಿತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟ್ಯಾಪ್ ಹೋದರೆ ಇನ್ನೊಂದು ತರಬಹುದು. ಬ್ಲಾಕಿನ ತೂತು ಹೋದರೆ ಬ್ಲಾಕೇ ಹೋದ ಹಾಗೆ. ಹೊಲದಲ್ಲಿ ಟೊಮೆಟೊ ಕಾಯಿ ಕಚ್ಚಿ ನಿಂತಿತ್ತು.

ಶಿವಾಜಿನಗರಕ್ಕೆ

ಬೆಳಗ್ಗೆ ಕ್ರ್ಯಾಂಕು, ಪಿಸ್ಟನ್ ಎಲ್ಲ ಕಳಚಿ ಬ್ಲಾಕನ್ನು ಗೂಡ್ಸ್ ಆಟೋಗೆ ಹಾಕಿದೆವು. 2023ರಿಂದ ಕೆ.ಆರ್. ಪುರಂನಿಂದ ಪೇಟೆಯೊಳಕ್ಕೆ ಮೆಟ್ರೊ ಇದೆ, ನಿಜ. ಇಬ್ಬರು ಎತ್ತುವ ಬ್ಲಾಕ್ ಹಿಡಿದುಕೊಂಡು ಮೆಟ್ರೊ ಹತ್ತುವ ಹಾಗಿಲ್ಲವಲ್ಲ. ತೂಗು ಸೇತುವೆ, ಬೈಯಪ್ಪನಹಳ್ಳಿ, ಇಂದಿರಾನಗರದ ಸಿಗ್ನಲ್ಲು, ಹಲಸೂರು ಎಲ್ಲ ದಾಟಿ ಶಿವಾಜಿನಗರ ಸೇರುವ ಹೊತ್ತಿಗೆ ಹನ್ನೊಂದು ಗಂಟೆ.

ರಸೆಲ್ ಮಾರ್ಕೆಟ್ಟು ನಮ್ಮ ಕಡೆಯ ತರಕಾರಿಯವರಿಗೆ ಹಳೇ ನಂಟು. 1927ರ ಕಟ್ಟಡ ಅದು. ಅದರ ಸುತ್ತಿನ ಗಲ್ಲಿಗಳಲ್ಲಿ ಗುಜರಿ ಅಂಗಡಿಗಳು ಇರುವುದರಿಂದ ಅಲ್ಲಿಗೇ ಹೋದೆ. ಅಲ್ಲೊಬ್ಬರು ಬ್ಲಾಕ್ ನೋಡಿ, "ಬೇರೆ ಹಳೇ ಬ್ಲಾಕ್ ಕೊಡಿಸ್ತೀನಿ, ಇದನ್ನ ಇಲ್ಲೇ ಬಿಟ್ಟುಹೋಗಿ" ಅಂದರು. ಆಸೆಯಾಯಿತು. ಆದರೆ ಹಳೇ ಬ್ಲಾಕಿನ ಒಳಗೋಡೆ ಎಷ್ಟು ಸವೆದಿದೆಯೋ, ಎಲ್ಲಿ ಬಿರುಕಿದೆಯೋ ಯಾರಿಗೆ ಗೊತ್ತು? ನನ್ನ ಬ್ಲಾಕಿನಲ್ಲಿ ಕೆಟ್ಟದ್ದು ಒಂದು ತೂತು ಮಾತ್ರ. ಪಕ್ಕದ ಅಂಗಡಿಯ ಹುಡುಗ ನನ್ನ ಮುಖ ನೋಡಿ, "ಅಣ್ಣಾ, ಹಲಸೂರಲ್ಲಿ ಒಬ್ಬರು ಹಳೇ ಫಿಟ್ಟರ್ ಇದ್ದಾರೆ, ಒಮ್ಮೆ ತೋರಿಸಿ" ಎಂದು ದಾರಿ ಹೇಳಿದ.

ಬೆಂಗಳೂರಿನ ಪೂರ್ವಕ್ಕೆ ಇಂಥ ಕೈಗಳು ಬಂದದ್ದು ಕಾರ್ಖಾನೆಗಳಿಂದ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ನಗರದ ಐಟಿಐ, ಆಮೇಲೆ ಬೈಯಪ್ಪನಹಳ್ಳಿಯ ಎನ್‌ಜಿಇಎಫ್. ಎನ್‌ಜಿಇಎಫ್ 2002ರಲ್ಲಿ ಬಾಗಿಲು ಮುಚ್ಚಿತು. ಕೆಲಸ ಕಲಿತ ಕೈಗಳು ಸುತ್ತಮುತ್ತಲ ಓಣಿಗಳಲ್ಲಿ ಉಳಿದುಕೊಂಡವು. ಹಲಸೂರಿನ ಈ ಹಿರಿಯರೂ ಅಲ್ಲಿ ದುಡಿದವರೇ. ಎಪ್ಪತ್ತು ದಾಟಿದೆ. ಮನೆ ಮುಂದಿನ ಶೆಡ್ಡಿನಲ್ಲಿ ಒಂದು ಬೆಂಚ್ ವೈಸ್, ಒಂದು ಹಳೇ ಲೇತ್.

ಬ್ಲಾಕಿಗೆ ಟಾರ್ಚ್ ಬಿಟ್ಟು ನೋಡಿದವರು ಮೊದಲು ಕೇಳಿದ್ದು, "ಯಾರಪ್ಪಾ ಇದಕ್ಕೆ ಡ್ರಿಲ್ ಹಾಕಿದ್ದು?"

"ನಾನೇ ಸಾರ್."

"ಸರಿ. ಇನ್ಮೇಲೆ ಹಾಕಬೇಡ." ಅಷ್ಟೇ. ಬೈಯಲಿಲ್ಲ.

ಹಿರಿಯರು ತೋರಿಸಿದ ಕ್ರಮ

ಅವರು ಕೆಲಸ ಮಾಡುತ್ತಾ ಹೇಳಿದ್ದನ್ನು ಆದಷ್ಟು ಅದೇ ಕ್ರಮದಲ್ಲಿ ಬರೆಯುತ್ತೇನೆ. ಅವರ ಲೆಕ್ಕ ಒಂದೇ: ಯಾವ ಉಪಾಯ ತೂತಿಗೆ ಹಾನಿ ಮಾಡುವುದಿಲ್ಲವೋ ಅದು ಮೊದಲು, ಹಾನಿ ಮಾಡಬಹುದಾದದ್ದು ಕೊನೆಗೆ. ನಮ್ಮಂಥವರು ಮಾಡುವುದು ತಿರುಗಾಮುರುಗಾ.

ಮೊದಲು ತೂತನ್ನು ಶುಚಿ ಮಾಡಬೇಕು. ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ನೆನೆಸಿ, ಗಾಳಿ ಊದಿ, ಸೂಜಿಯಿಂದ ಕಾಲುವೆಯ ಪುಡಿಯನ್ನೆಲ್ಲ ಕೆದಕಿ ತೆಗೆಯಬೇಕು. ಗಾಳಿ ಊದುವಾಗ ಕಣ್ಣಿಗೆ ಕನ್ನಡಕ ಇರಲೇಬೇಕು. ಮುರಿದ ಟ್ಯಾಪಿನ ಚೂರು ಬ್ಲೇಡಿಗಿಂತ ಹರಿತ. ಎಷ್ಟೋ ಸಲ ಟ್ಯಾಪನ್ನು ಬಿಗಿಹಿಡಿದಿರುವುದು ಈ ಪುಡಿಯೇ. ಅದು ಹೋದರೆ ಅರ್ಧ ಕೆಲಸ ಆದಂತೆ.

ಟ್ಯಾಪಿನ ತುಂಡು ಮೇಲಕ್ಕೆ ಕಾಣುತ್ತಿದ್ದರೆ ಗ್ರಿಪ್ ಪ್ಲೈಯರಿನಲ್ಲಿ ಹಿಡಿದು ಹಿಂದೆ ಮುಂದೆ ಆಡಿಸಬೇಕು. ಒಂದೇ ಸಮನೆ ಹಿಂದಕ್ಕೆ ಜಗ್ಗಬಾರದು. ಮುಂದಕ್ಕೆ ಕೂದಲೆಳೆಯಷ್ಟು, ಹಿಂದಕ್ಕೆ ಕೂದಲೆಳೆಯಷ್ಟು. ಸಡಿಲವಾಯಿತು ಎಂದು ಬೆರಳಿಗೆ ಗೊತ್ತಾಗುತ್ತದೆ.

ಮಟ್ಟಕ್ಕೆ ಮುರಿದಿದ್ದರೆ ಸಣ್ಣ ಪಂಚನ್ನು ಕಾಲುವೆಯ ಅಂಚಿಗೆ ಓರೆಯಾಗಿ ಇಟ್ಟು, ಬಿಚ್ಚುವ ದಿಕ್ಕಿಗೆ ಹಗುರವಾಗಿ ತಟ್ಟಬೇಕು. ಒಮ್ಮೆ ಈ ಕಾಲುವೆ, ಒಮ್ಮೆ ಎದುರಿನದು. ನಡುನಡುವೆ ಬಿಗಿಯುವ ದಿಕ್ಕಿಗೂ ಒಂದು ಪೆಟ್ಟು.

ಅದಕ್ಕೂ ಬಗ್ಗದಿದ್ದರೆ ಟ್ಯಾಪ್ ಎಕ್ಸ್‌ಟ್ರ್ಯಾಕ್ಟರ್. ಇದು ನಾನು ನೋಡಿಯೇ ಇರಲಿಲ್ಲ. ನಾಲ್ಕು ತೆಳ್ಳನೆ ಉಕ್ಕಿನ ಬೆರಳುಗಳು, ಅವನ್ನು ಹಿಡಿದಿಡಲು ಒಂದು ಬಳೆ. ಬೆರಳುಗಳು ಟ್ಯಾಪಿನ ನಾಲ್ಕು ಕಾಲುವೆಯೊಳಗೆ ಇಳಿಯುತ್ತವೆ. ಬಳೆಯನ್ನು ಬ್ಲಾಕಿಗೆ ತಾಗುವವರೆಗೆ ಕೆಳಗಿಳಿಸಬೇಕು, ಇಲ್ಲದಿದ್ದರೆ ಬೆರಳು ಬಾಗಿಹೋಗುತ್ತದೆ. ಮೂರು ಕಾಲುವೆಯ ಟ್ಯಾಪಿಗೆ ಮೂರು ಬೆರಳಿನದು. ಹಾಗಾಗಿ ಕೊಳ್ಳುವ ಮೊದಲು ಕಾಲುವೆ ಎಣಿಸಿ. ಹಿರಿಯರು ಇದನ್ನು ಹಾಕಿ ಹತ್ತು ನಿಮಿಷ ಹಿಂದೆ ಮುಂದೆ ಆಡಿಸಿದರು. ಒಂದು ಬೆರಳು ತಿರುಚಿಕೊಳ್ಳತೊಡಗಿದ ಕೂಡಲೇ ನಿಲ್ಲಿಸಿಬಿಟ್ಟರು. ನಾನಾಗಿದ್ದರೆ ಇನ್ನೊಂದು ಸಲ ಜಗ್ಗಿ ನೋಡೋಣ ಎನ್ನುತ್ತಿದ್ದೆ. ಅಲ್ಲೇ ವ್ಯತ್ಯಾಸ.

"ನಟ್ ಇಟ್ಟು ವೆಲ್ಡ್ ಮಾಡಿದರೆ?" ಎಂದು ಕೇಳಿದೆ. ನಮ್ಮೂರ ಗ್ಯಾರೇಜಿನಲ್ಲಿ ಮುರಿದ ಸ್ಟಡ್ಡಿಗೆ ಹಾಗೆಯೇ ಮಾಡುತ್ತಾರೆ. ಸ್ಟಡ್ಡಿಗೆ ಅದು ಬಹಳ ಒಳ್ಳೆಯ ಉಪಾಯ. ಕಾದು ತಣಿಯುವಾಗ ಸ್ಟಡ್ ಕುಗ್ಗಿ ಸಡಿಲವಾಗುತ್ತದೆ. ಟ್ಯಾಪಿಗೂ ಕೆಲವೊಮ್ಮೆ ಆಗುತ್ತದೆ, ಅದರ ತುದಿ ಮಟ್ಟಕ್ಕೋ ಮೇಲಕ್ಕೋ ಇದ್ದರೆ. ನನ್ನದು ಬೆರಳಗಲ ಒಳಗೆ ಮುರಿದಿತ್ತು. ಅಷ್ಟು ಆಳಕ್ಕೆ ವೆಲ್ಡಿಂಗ್ ಕಡ್ಡಿ ಇಳಿಸಿದರೆ ಅದು ಮೊದಲು ಕಚ್ಚುವುದು ತೂತಿನ ಗೋಡೆಯನ್ನೇ. ಗಟ್ಟಿ ಟ್ಯಾಪಿನ ಮೇಲೆ ವೆಲ್ಡೂ ಸರಿಯಾಗಿ ಹಿಡಿಯುವುದಿಲ್ಲ, ತಿರುಗಿಸಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಬೇಡ ಅಂದರು.

ಹೊಡೆದು ಪುಡಿ ಮಾಡುವುದು ಇನ್ನೊಂದು ದಾರಿ. ಸಣ್ಣ ಟ್ಯಾಪ್, ಅದರಲ್ಲೂ ಅಗ್ಗದ ಕಾರ್ಬನ್ ಸ್ಟೀಲಿನದು, ಗಟ್ಟಿ ಪಂಚಿನಿಂದ ನಡುವಿಗೆ ಹೊಡೆದರೆ ಚೂರಾಗುತ್ತದೆ. ಚೂರುಗಳನ್ನು ಸೂಜಿ, ಅಯಸ್ಕಾಂತದಲ್ಲಿ ಆರಿಸಬಹುದು. ಹೈಸ್ಪೀಡ್ ಸ್ಟೀಲಿನ ಟ್ಯಾಪ್ ಅಷ್ಟು ಸುಲಭಕ್ಕೆ ಚೂರಾಗುವುದಿಲ್ಲ. ಮೇಲಾಗಿ ಬೀಡು ಕಬ್ಬಿಣ ಪೆಟ್ಟು ತಾಳುವ ಜಾತಿಯಲ್ಲ. ಸ್ಟಡ್ಡಿನ ತೂತಿನ ಆಚೆಗೆ ನೀರು ಓಡಾಡುವ ಜಾಗ, ನಡುವೆ ತೆಳು ಗೋಡೆ. ಅಲ್ಲಿ ಬಿರುಕು ಬಿಟ್ಟರೆ ಟ್ಯಾಪ್ ತೆಗೆದೂ ಪ್ರಯೋಜನವಿಲ್ಲ.

ಕಾಯಿಸಿ ಮೆತ್ತಗೆ ಮಾಡಿ ಕೊರೆಯುವುದು ಎಂದು ಕೆಲವರು ಹೇಳುತ್ತಾರೆ. ಕಾರ್ಬನ್ ಸ್ಟೀಲನ್ನು ಕೆಂಪಗೆ ಕಾಯಿಸಿ ನಿಧಾನಕ್ಕೆ ಆರಿಸಿದರೆ ಅದು ಮೆತ್ತಗಾಗುವುದು ನಿಜ, ಕಮ್ಮಾರರೆಲ್ಲ ಬಲ್ಲರು. ಹೈಸ್ಪೀಡ್ ಸ್ಟೀಲ್ ಹಾಗೆ ಸುಮ್ಮನೆ ಮೆತ್ತಗಾಗದು. ಬ್ಲಾಕಿನ ಒಂದೇ ಜಾಗವನ್ನು ಕೆಂಪಗೆ ಕಾಯಿಸಿದರೆ ಬೀಡು ಸೀಳುತ್ತದೆ. ಬ್ಲಾಕಿಗೆ ಇದು ಸಲ್ಲದು.

ಪಟಿಕದ ವಿಚಾರವೂ ಬಂತು. ನೀರು ತಿಳಿ ಮಾಡಲು ಹಾಕುವ ಅದೇ ಪಟಿಕ. ಅದರ ಗಟ್ಟಿ ದ್ರಾವಣವನ್ನು ಬಿಸಿಯಾಗಿಟ್ಟು, ಟ್ಯಾಪ್ ಸಿಕ್ಕಿಕೊಂಡ ಭಾಗವನ್ನು ಅದರಲ್ಲಿ ಮುಳುಗಿಸಿದರೆ ಗಂಟೆಗಟ್ಟಲೆ ನಿಧಾನಕ್ಕೆ ಉಕ್ಕು ಕರಗುತ್ತದೆ, ಹಿತ್ತಾಳೆ, ಅಲ್ಯೂಮಿನಿಯಂ ಉಳಿಯುತ್ತವೆ. ಗಡಿಯಾರ ರಿಪೇರಿಯವರು ಹಿತ್ತಾಳೆ ಫಲಕದಲ್ಲಿ ಮುರಿದ ಸ್ಕ್ರೂ ತೆಗೆಯುವುದು ಹೀಗೆ. ಸ್ಪ್ರೇಯರಿನ ಸಣ್ಣ ಅಲ್ಯೂಮಿನಿಯಂ ಭಾಗವಾದರೆ ನೀವೂ ಮಾಡಿ ನೋಡಬಹುದು. ಆದರೆ ಇಂಜಿನ್ ಬ್ಲಾಕ್ ಸ್ವತಃ ಕಬ್ಬಿಣ. ಟ್ಯಾಪ್ ಕರಗುವ ಹೊತ್ತಿಗೆ ಥ್ರೆಡ್ಡೂ ಕರಗುತ್ತದೆ.

ಟ್ಯಾಪಿಗಿಂತ ಗಡಸಾದದ್ದು ಕಾರ್ಬೈಡ್. ನಮ್ಮ ಬೋರ್‌ವೆಲ್ ಲಾರಿಯ ಬಿಟ್ಟಿನ ಮೂತಿಯಲ್ಲಿ ಬಂಡೆ ಕುಟ್ಟುವ ಗುಂಡಿಗಳು ಇರುತ್ತವಲ್ಲ, ಅದೇ ಜಾತಿ. ಕಾರ್ಬೈಡ್ ಬಿಟ್ ಟ್ಯಾಪನ್ನು ಕೊರೆಯಬಲ್ಲದು. ಆದರೆ ಮಿಲ್ಲಿಂಗ್ ಮೆಷಿನ್ನಿನಲ್ಲಿ ಬ್ಲಾಕನ್ನು ಅಲುಗದಂತೆ ಕಟ್ಟಿ ಕೊರೆಯಬೇಕು. ಕೈ ಡ್ರಿಲ್ಲಿನಲ್ಲಿ ಹಾಕಿದರೆ ಕಾರ್ಬೈಡೂ ಮುರಿದು ಟ್ಯಾಪಿನ ಮೇಲೆ ಕೂರುತ್ತದೆ. ಆಗ ಒಂದಕ್ಕೆ ಎರಡು!

ಇಷ್ಟೆಲ್ಲ ಹೇಳಿ, ಕೈ ಒರೆಸಿಕೊಂಡು, "ಇದು ನನ್ನ ಕೈಯಲ್ಲಿ ಆಗಲ್ಲಪ್ಪ. ಮಹದೇವಪುರಕ್ಕೆ ಹೋಗು, ಸ್ಪಾರ್ಕ್ ಮಾಡಿಸು" ಅಂದರು. ನಾನು ಬಂದ ದಾರಿಯಲ್ಲೇ, ನಮ್ಮ ಕೆ.ಆರ್. ಪುರಂ ಪಕ್ಕದಲ್ಲೇ ಇರುವ ಕೈಗಾರಿಕಾ ಪ್ರದೇಶ! ಅದರ ಪಕ್ಕದಿಂದ ಹಾದು ಊರೆಲ್ಲ ಸುತ್ತಿದ್ದೆ. ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ಮುಂದಿನ ಸಲ ಬರುವಾಗ ಹುರುಳಿಕಾಯಿ ತಂದುಕೊಡು ಅಂದರು.

ಕಿಡಿಯಿಂದ ಕೊರೆಯುವುದು

ಸ್ಪಾರ್ಕ್ ಇರೋಷನ್ ಎಂದರೆ ವಿದ್ಯುತ್ ಕಿಡಿಯಿಂದ ಲೋಹವನ್ನು ಸವೆಸುವುದು. ಟೂಲ್‌ರೂಮುಗಳಲ್ಲಿ ಇ.ಡಿ.ಎಂ. ಎಂದು ಕೇಳಿದರೆ ಗೊತ್ತಾಗುತ್ತದೆ. ನಮಗೆ ಇದು ಅಪರಿಚಿತವೇನಲ್ಲ. ಪಂಪ್‌ಸೆಟ್ ಸ್ಟಾರ್ಟರಿನ ಕಾಂಟ್ಯಾಕ್ಟ್ ಪಾಯಿಂಟುಗಳು ಕೆಲವು ವರ್ಷಕ್ಕೆ ಕುಳಿಕುಳಿಯಾಗುತ್ತವೆ. ಪ್ರತಿ ಸಲ ಕಿಡಿ ಹಾರಿದಾಗಲೂ ಒಂದು ಕಣ ಲೋಹ ಕರಗಿ ಹೋಗಿರುತ್ತದೆ. ರಷ್ಯಾದ ಲಜರೆಂಕೊ ದಂಪತಿ ಕಾಂಟ್ಯಾಕ್ಟ್ ಪಾಯಿಂಟುಗಳ ಈ ಸವೆತವನ್ನು ತಡೆಯಲು ಅಧ್ಯಯನ ಮಾಡುತ್ತಿದ್ದವರು. ತಡೆಯುವುದರ ಬದಲು ಅದನ್ನೇ ಕೆಲಸಕ್ಕೆ ಹಚ್ಚಬಹುದಲ್ಲ ಎಂದು 1943ರಲ್ಲಿ ಈ ವಿಧಾನ ರೂಪಿಸಿದರು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಅಮೆರಿಕದಲ್ಲಿ ಸ್ಟಾರ್ಕ್, ಹಾರ್ಡಿಂಗ್, ಬೀವರ್ ಎಂಬ ಮೂವರೂ ಇಂಥದೇ ಯಂತ್ರ ಮಾಡಿದರು. ಅವರು ಮಾಡಿದ್ದು ಯಾಕೆ ಗೊತ್ತೇ? ಅಲ್ಯೂಮಿನಿಯಂ ವಾಲ್ವುಗಳಲ್ಲಿ ಮುರಿದ ಟ್ಯಾಪು, ಡ್ರಿಲ್ಲುಗಳನ್ನು ತೆಗೆಯಲಿಕ್ಕೆ. ಇದನ್ನು ತಿಳಿದ ಮೇಲೆ ನನಗೆ ಸ್ವಲ್ಪ ಸಮಾಧಾನವಾಯಿತು. ದೊಡ್ಡ ದೊಡ್ಡ ಕಾರ್ಖಾನೆಯವರೂ ಟ್ಯಾಪ್ ಮುರಿದುಕೊಂಡವರೇ.

ಮಹದೇವಪುರದ ಆ ಸಣ್ಣ ಟೂಲ್‌ರೂಮಿನಲ್ಲಿ ಬ್ಲಾಕನ್ನು ಮೇಜಿನ ಮೇಲೆ ಮಟ್ಟಸವಾಗಿ ಕಟ್ಟಿದರು. ಪೆನ್ಸಿಲಿಗಿಂತ ಸಣ್ಣ ಹಿತ್ತಾಳೆಯ ಕೊಳವೆಯೊಂದನ್ನು ಟ್ಯಾಪಿನ ನಡುವಿಗೆ ಸರಿಯಾಗಿ ನಿಲ್ಲಿಸಿದರು. ಕೊಳವೆಯ ಒಳಗಿಂದ ದ್ರವ ಹರಿಯುತ್ತಿರುತ್ತದೆ. ಕರೆಂಟ್ ಕೊಟ್ಟಾಗ ಕೊಳವೆಗೂ ಟ್ಯಾಪಿಗೂ ನಡುವೆ ಸೆಕೆಂಡಿಗೆ ಸಾವಿರಾರು ಕಿಡಿ. ಕೊಳವೆ ಟ್ಯಾಪನ್ನು ಮುಟ್ಟುವುದೇ ಇಲ್ಲ. ಮುಟ್ಟದ ಮೇಲೆ ಟ್ಯಾಪ್ ಎಷ್ಟು ಗಡಸಾದರೇನು? ಕರಗಿದ ಪುಡಿಯನ್ನು ದ್ರವ ತೊಳೆದು ಹೊರಗೆ ತರುತ್ತದೆ. ಕೊಳವೆಯೂ ನಿಧಾನಕ್ಕೆ ಸವೆಯುತ್ತದೆ, ಅದು ಅಗ್ಗದ್ದು.

ಜಾಣತನ ಇರುವುದು ಕೊಳವೆಯ ಅಳತೆಯಲ್ಲಿ. ಟ್ಯಾಪಿನ ನಡುದಿಂಡಿಗಿಂತ ತುಸು ದಪ್ಪ, ಥ್ರೆಡ್ಡಿಗೆ ತಾಗದಷ್ಟು ಸಣ್ಣ. ಪೂರ್ತಿ ಟ್ಯಾಪನ್ನು ಸುಡುವ ಅಗತ್ಯವಿಲ್ಲ. ನಡುದಿಂಡು ಹೋದರೆ ನಾಲ್ಕು ಹಲ್ಲುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿಡಿಯಾಗುತ್ತವೆ. ಸೂಜಿಯಿಂದ ಒಳಕ್ಕೆ ತಳ್ಳಿ, ಚಿಮಟದಲ್ಲಿ ಎತ್ತಿದರೆ ಆಯಿತು. ನನ್ನದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಕೂಲಿ ನಮ್ಮೂರ ಆಳಿನ ಎರಡು ದಿನದ ಕೂಲಿಗಿಂತ ಹೆಚ್ಚಿರಲಿಲ್ಲ. ಹೊಸ ಬ್ಲಾಕಿನ ಬೆಲೆ ನೆನೆದರೆ ಅದು ಲೆಕ್ಕಕ್ಕೇ ಇಲ್ಲ. ಯಂತ್ರವನ್ನೇ ಕೆಲಸದ ಹತ್ತಿರ ತಂದು ಅಯಸ್ಕಾಂತದ ತಳದಲ್ಲಿ ಬ್ಲಾಕಿನ ಮೇಲೆ ಕೂರಿಸುವ ಸಣ್ಣ ಮಾದರಿಗಳೂ ಇವೆಯಂತೆ. ಮೊದಲೇ ವಿಚಾರಿಸಿದರೆ ಇಂಜಿನ್ ಪೂರ್ತಿ ಕಳಚುವುದು ತಪ್ಪಬಹುದು.

ಅರ್ಧಚಂದ್ರದ ದಂಡ

ಡ್ರಿಲ್ ಹಾಕದೆ ಬಂದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. 10.2 ಬಿಟ್ ಹಾಕಿ, ಹಳೇ ಸ್ಟಡ್ಡಿನ ಉಳಿದ ಸಿಪ್ಪೆಯನ್ನು ಬಿಡಿಸಿ, ಥ್ರೆಡ್ ಶುಚಿ ಮಾಡಿ, ಹೊಸ ಸ್ಟಡ್ ಕೂರಿಸಿ ಮನೆಗೆ ಬರಬಹುದಿತ್ತು. ನನ್ನ ತೂತಿನ ಬಾಯಿ ಒಂದು ಕಡೆ ತಿಂದುಹೋಗಿತ್ತಲ್ಲ. ಹೆಡ್ ಸ್ಟಡ್ ಸಿಲಿಂಡರಿನೊಳಗಿನ ಸ್ಫೋಟದ ಒತ್ತಡವನ್ನೆಲ್ಲ ಹಿಡಿದಿಡಬೇಕು. ಅರ್ಧ ಥ್ರೆಡ್ಡಿನಲ್ಲಿ ಅದು ನಿಲ್ಲುವುದಿಲ್ಲ.

ಅದಕ್ಕೆ ಹೆಲಿಕಾಯಿಲ್ ಹಾಕಿಸಬೇಕಾಯಿತು. ಸ್ಟೇನ್‌ಲೆಸ್ ತಂತಿಯನ್ನು ಸ್ಪ್ರಿಂಗಿನ ಹಾಗೆ ಸುತ್ತಿದ ಒಂದು ಸುರುಳಿ ಅದು. ತಂತಿ ದುಂಡಗಿಲ್ಲ, ವಜ್ರದಾಕಾರ. ಹಾಗಾಗಿ ಸುರುಳಿಯ ಹೊರಗೂ ಥ್ರೆಡ್, ಒಳಗೂ ಥ್ರೆಡ್. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದಕ್ಕೆಂದೇ ಇರುವ ಬೇರೆ ಟ್ಯಾಪ್ ಹಾಕಿ, ಸುರುಳಿ ತಿರುಗಿಸಿ ಇಳಿಸುತ್ತಾರೆ. ಒಳಗಿನ ಅಳತೆ ಹಳೆಯ 12 ಮಿ.ಮೀ. ಆಗಿಯೇ ಉಳಿಯುವುದರಿಂದ ಹೆಡ್ಡಿನ ತೂತು ದೊಡ್ಡದು ಮಾಡಬೇಕಿಲ್ಲ. ಸರಿಯಾಗಿ ಹಾಕಿದರೆ ಮೂಲ ಥ್ರೆಡ್ಡಿಗೆ ಏನೂ ಕಡಿಮೆಯಿಲ್ಲ. ಆದರೆ ತೂತು ನೆಟ್ಟಗಿರಬೇಕು. ನನ್ನ ಡ್ರಿಲ್ ಎಳೆದ ಕಡೆಗೆ ಹೊಸ ಬಿಟ್ಟೂ ಎಳೆಯದಂತೆ ಮಿಲ್ಲಿಂಗ್ ಮೆಷಿನ್ನಿನಲ್ಲಿ ಕಟ್ಟಿ ಕೊರೆದರು. ಇದಕ್ಕೆ ಇನ್ನೊಂದು ದಿನ ಹೋಯಿತು. ಕೂಲಿಯೂ ಕಿಡಿ ಕೆಲಸಕ್ಕಿಂತ ಹೆಚ್ಚು.

ಜೋಡಿಸುವಾಗ ಎರಡು ವಿಷಯ ನೆನಪಿಡಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ ಸ್ಟಡ್ ಇಳಿಸುವಾಗ ಅದು ಹೋಗಲು ದಾರಿಯಿಲ್ಲದೆ ಬ್ಲಾಕನ್ನೇ ಸೀಳಬಹುದು. ಒಣಗಿಸಿಯೇ ಸ್ಟಡ್ ಹಾಕಿ. ಹೆಡ್ ನಟ್ಟುಗಳನ್ನು ಎದುರುಬದುರಾಗಿ, ಮೂರು ಸಲಕ್ಕೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟಾರ್ಕ್ ವ್ರೆಂಚ್ ಇದ್ದರೆ ಇಂಜಿನ್ ಪುಸ್ತಕದ ಲೆಕ್ಕಕ್ಕೆ ಬಿಗಿಯಿರಿ. ನಾನು ಪಕ್ಕದೂರಿನ ಟ್ರ್ಯಾಕ್ಟರ್ ಗ್ಯಾರೇಜಿನಿಂದ ಒಂದು ಗಂಟೆಗೆ ಎರವಲು ತಂದೆ.

ಐದನೆಯ ದಿನ ಸಂಜೆ ಇಂಜಿನ್ ಸ್ಟಾರ್ಟ್ ಆಯಿತು. ನೀರಿನಲ್ಲಿ ಗುಳ್ಳೆ ಇಲ್ಲ. ಟೊಮೆಟೊ ಮಾತ್ರ ಎರಡು ನೀರು ತಪ್ಪಿಸಿಕೊಂಡಿತ್ತು. ಒಣಗಿದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕಿ, ಮುಂದಿನ ಕೊಯ್ಲಿನಲ್ಲಿ ಹೂವಿನ ತುದಿ ಕಪ್ಪಾದ ಕಾಯಿ ಆರು ಕ್ರೇಟು ಬಂತು. ಅವನ್ನು ದನಕ್ಕೆ ಹಾಕಿದೆವು. ಹುರುಳಿಕಾಯಿ ತಡೆದುಕೊಂಡಿತ್ತು. ಮೊದಲ ಚೀಲದಲ್ಲಿ ಎರಡು ಕೆ.ಜಿ. ಬೇರೆ ತೆಗೆದಿಟ್ಟು ಹಲಸೂರಿಗೆ ಕೊಟ್ಟು ಬಂದೆ.